ಅರಳಿಮರದ ಮಡಕೆ

ವಿಶಾಲಾಕ್ಷಿಯ ಹೊಟ್ಟೆಗೆ ಕಿಚ್ಚು ಬಿದ್ದದ್ದು ಆ ಎಕ್ಸ್‌ರೇ ಹಾಳೆಗಳಿಂದ. ಪಕ್ಕದ ಕ್ವಾರ್ಟರ್ಸಿನ ಶ್ರೀರಮಾ, ಡಾಕ್ಟರ್ ಗಂಡ ರದ್ದಿಗೆ ಹಾಕಲೆಂದು ಕಟ್ಟಿಟ್ಟಿದ್ದ ಹಳೆಯ ಎಕ್ಸ್‌ರೇಗಳನ್ನು ಅಂಗಳದ ತಂತಿಗೆ ಕ್ಲಿಪ್ಪು ಹಾಕಿ ನೇತುಬಿಟ್ಟು, ಅವುಗಳ ಹಿಂದೆ ದೀಪಾವಳಿಯ ಸೀರಿಯಲ್ ಸೆಟ್ ಹಚ್ಚಿದ್ದಳು. ಕತ್ತಲಾದರೆ ಸಾಕು, ಯಾರದೋ ಪಕ್ಕೆಲುಬು, ಯಾರದೋ ದವಡೆ ಮಿಣಮಿಣ. ಹ್ಯಾಲೋವೀನಂತೆ, ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹಬ್ಬವಂತೆ. ಹಗಲಿರುಳು ಹೆಣ ಸುಡುವ ಮಣಿಕರ್ಣಿಕೆ ಇರುವ ಕಾಶಿಯಲ್ಲಿ ಕೂತು ದೆವ್ವಗಳನ್ನು ಕೈಯಾರೆ ಮಾಡಿಕೊಳ್ಳಬೇಕೆ?

"ಮಕ್ಕಳು ಖುಷಿಯಾಗಿದಾವೆ, ಇರ್ಲಿ ಬಿಡೆ" ಎಂದ ವಿಶಾಲಾಕ್ಷಿಯ ಗಂಡ ರಘುನಂದನ. ಊರ ಮಕ್ಕಳ ಖುಷಿ ಕಟ್ಟಿಕೊಂಡು ಅವಳಿಗೇನಾಗಬೇಕಿತ್ತು. ಅವಳ ಸಂಕಟವೆಲ್ಲ ತನ್ನ ಒಬ್ಬಳೇ ಮಗಳದ್ದು.

ಸಾತ್ವಿಕಾ ಸ್ಕೂಲಿನಿಂದ ಬಂದವಳೇ ಚೀಲ ಎಸೆದು ಅಲ್ಲಿಗೆ ಓಡುತ್ತಿದ್ದಳು. ರಟ್ಟಿನಲ್ಲಿ ಬಾವಲಿ ಕತ್ತರಿಸುವುದು, ಹತ್ತಿ ಎಳೆದೆಳೆದು ಜೇಡನ ಬಲೆ ಮಾಡುವುದು, ಹಳೆಯ ಬೆಡ್‌ಶೀಟಿಗೆ ಕಣ್ಣು ಕೊರೆಯುವುದು. ಅದನ್ನಾದರೂ ಸಹಿಸಬಹುದಿತ್ತು. ಮನೆಯಲ್ಲಿ ಊಟಕ್ಕೆ ಕರೆದರೆ "ಆ ರಹೀ ಹೂಂ, ಮಮ್ಮಿ" ಎಂದು ಹಿಂದಿಯಲ್ಲಿ ಒದರುವ ಹುಡುಗಿ, ಕಾಂಪೌಂಡಿನಾಚೆ "ಆಂಟಿ, ಈ ಬಾವಲಿಗೆ ಕಿವಿ ಸಣ್ಣದಾಯ್ತು" ಎಂದು ಅಚ್ಚುಕಟ್ಟಾಗಿ ಕನ್ನಡ ಮಾತಾಡುತ್ತಿದ್ದಳು. ಬಟ್ಟೆ ತೆಗೆಯುವ ನೆಪದಲ್ಲಿ ನಿಂತು ವಿಶಾಲಾಕ್ಷಿ ಎಲ್ಲವನ್ನೂ ಕೇಳಿಸಿಕೊಂಡಳು. ಹೆತ್ತವಳು ನಾನು, ಕನ್ನಡದಲ್ಲಿ ಮಾತಾಡೇ ಎಂದು ಗೋಗರೆದವಳು ನಾನು, ಈಗ ಅದರ ಸುಖ ಅನುಭವಿಸುವವಳು ಮಾತ್ರ ಮೈಸೂರಿನಿಂದ ಮೊನ್ನೆ ಮೊನ್ನೆ ಬಂದ ಈ ಮಹಾರಾಯಿತಿ. ಮಕ್ಕಳಿಲ್ಲದವಳು, ಪಾಪ ಎಂದುಕೊಳ್ಳಲು ನೋಡಿದಳು. ಪಾಪ ಅನಿಸಲೇ ಇಲ್ಲ.

ಹಬ್ಬದ ಸಂಜೆ ಮಕ್ಕಳ ದಂಡು ಮೊದಲು ತನ್ನ ಅಂಗಳಕ್ಕೇ ಬರಬೇಕು, ಸಾತ್ವಿಕಾ ತನ್ನ ಪಕ್ಕದಲ್ಲೇ ನಿಂತು ಇದನ್ನು ನಮ್ಮಮ್ಮ ಮಾಡಿದ್ದು ಎನ್ನಬೇಕು. ಅವಳು ಹಟ ಹಿಡಿದಳು.

ವಿಶಾಲಾಕ್ಷಿ ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಕಲಿಸುವವಳು. ಕಾಶಿಗೆ ಬಂದು ವರ್ಷಗಳಾದರೂ ಮನೆಯಿಂದ ಲ್ಯಾಬು, ಲ್ಯಾಬಿನಿಂದ ಮನೆ, ಅಷ್ಟೇ ಅವಳು ಕಂಡ ಕಾಶಿ. ಯೂನಿವರ್ಸಿಟಿ ಗೇಟಿನೆದುರಿನ ಲಂಕಾ ಬಜಾರಿನಿಂದ ಒಂದು ದುಂಡನೆಯ ಮಡಕೆ ತಂದಳು. ಒಂದು ಬದಿಗೆ ಕಪ್ಪು ಬಳಿದು, ಹಳದಿ ಕಣ್ಣು, ಕೋರೆಹಲ್ಲು ಬರೆದಳು. ತಳಕ್ಕೆ ಮೊಳೆಯಿಂದ ತೂತು ಮಾಡಿ ಬತ್ತಿ ತುರುಕಿ, ಕೆಂಪು ನೀರು ತುಂಬಿದಳು, ರಕ್ತ ತೊಟ್ಟಿಕ್ಕಲಿ ಎಂದು. ಗೇಟಿನ ಪಕ್ಕದ ಅರಳಿಮರಕ್ಕೆ ಅದನ್ನು ಕಟ್ಟಿ, ಮುಖವನ್ನು ಮನೆಯ ಕಡೆ ತಿರುಗಿಸಿದಳು. ಮಕ್ಕಳು ಒಳಗೆ ಬಂದು ಹಿಂತಿರುಗಿ ನೋಡಿದರೆ ಎದೆ ಧಸಕ್ಕೆನ್ನಬೇಕು. ಸಂಜೆಯ ಮಬ್ಬಿನಲ್ಲಿ ರಸ್ತೆಯಿಂದ ನೋಡುವವರಿಗೆ ಬರೀ ಮಡಕೆ, ಬರೀ ತೊಟ್ಟಿಕ್ಕುವ ನೀರು.

ಸಂಜೆ ಚಕ್ಕುಲಿ, ಕೊಬ್ಬರಿ ಮಿಠಾಯಿ ಜೋಡಿಸಿಕೊಂಡು ಮೆಟ್ಟಿಲ ಮೇಲೆ ಕೂತಳು. ಬೆಡ್‌ಶೀಟ್ ಹೊದ್ದ ದಂಡು ಬಂತು, ಮುಂದೆ ಎದುರುಮನೆಯ ಮಿಶ್ರಾ ಅವರ ಹೆಂಡತಿ. ಆಕೆ ಮಡಕೆ ನೋಡಿದವಳೇ ಸೆರಗನ್ನು ತಲೆಗೆಳೆದುಕೊಂಡು ಗೇಟಿನಾಚೆಯೇ ನಿಂತಳು.

"ಕಬ್ ಹುಆ, ಬಹನ್‌ಜೀ? ಖಬರ್ ತೋ ದೇ ದೇತೀಂ."

ಏನಾಯಿತು, ಯಾವಾಗಾಯಿತು, ಏನು ತಿಳಿಸಬೇಕಿತ್ತು? ವಿಶಾಲಾಕ್ಷಿ ಕಣ್ಣು ಪಿಳಿಪಿಳಿ ಬಿಟ್ಟಳು. ಆಕೆ ಮೆಲ್ಲಗೆ ಮಡಕೆಯತ್ತ ಕೈ ಮಾಡಿ, ಯಾರು ತೀರಿಕೊಂಡರು ಎಂದು ಕೇಳಿದಳು. ಈ ಸೀಮೆಯಲ್ಲಿ ಸಾವಾದ ಮನೆಯವರು ಹೋದ ಜೀವದ ದಾಹಕ್ಕೆಂದು ಅರಳಿಮರಕ್ಕೆ ತೂತು ಮಡಕೆ ಕಟ್ಟಿ ನೀರು ತೊಟ್ಟಿಕ್ಕಿಸುತ್ತಾರೆ ಎಂಬುದು ಆಗ ಅವಳಿಗೆ ಗೊತ್ತಾಯಿತು. ಅಲ್ಲ, ಇದು ಆಟಕ್ಕೆ ಎಂದು ಹಿಂದಿಯಲ್ಲಿ ತಡವರಿಸುವಷ್ಟರಲ್ಲಿ ಆಕೆ ಕೈಮುಗಿದು, ಮಕ್ಕಳನ್ನು ಅಟ್ಟಿಕೊಂಡು ಶ್ರೀರಮಾಳ ಅಂಗಳ ಸೇರಿಯಾಗಿತ್ತು.

ಮೋರೆ ಕೆಂಪಗಾಗಿ ಅವಳು ಮಡಕೆ ಬಿಚ್ಚಲು ಹೋದಳು. ಹಗ್ಗಕ್ಕೆ ಕೈ ಹಾಕುವುದರೊಳಗೆ ಶ್ರೀರಮಾಳ ಅಂಗಳದಿಂದ ಸಾತ್ವಿಕಾ ಓಡಿ ಬಂದಳು. ಮುಖದ ಬಿಳಿ ಬಣ್ಣವೆಲ್ಲ ಕಣ್ಣೀರಲ್ಲಿ ಕದಡಿಹೋಗಿತ್ತು. ಬಂದವಳೇ ಅಮ್ಮನ ಸೊಂಟ ತಬ್ಬಿದಳು.

"ಯಾರು ಹೋದ್ರಮ್ಮಾ? ಅಜ್ಜಿನಾ?"

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ದಾವಣಗೆರೆಯಲ್ಲಿ ಅಜ್ಜಿ ಗುಂಡುಕಲ್ಲಿನ ಹಾಗೆ ಇದ್ದರು. ಆದರೆ ಇಲ್ಲ ಎಂದ ಕೂಡಲೇ ಈ ಕೈಗಳು ಸಡಿಲವಾಗುತ್ತವೆ, ಮಗಳು ಮತ್ತೆ ಆ ಕಡೆ ಓಡುತ್ತಾಳೆ. ವಿಶಾಲಾಕ್ಷಿ ಬಾಯಿ ಬಿಡಲಿಲ್ಲ. ಮಗಳು ಬಿಕ್ಕುತ್ತಿದ್ದರೂ ಅವಳ ನೆತ್ತಿ ಸವರುತ್ತ ನಿಂತಳು. ನಾಚಿಕೆಗೇಡು ಎಂದು ತನಗೇ ಅನಿಸಿದ ಮೇಲೆ ಹೇಳಿದಳು.

"ಯಾರೂ ಹೋಗಿಲ್ಲ ಕಣೆ. ಅಜ್ಜಿ ಆರಾಮಾಗಿದಾರೆ. ನಾನೇ ಹೆದರ್ಸೋಕೆ ಅಂತ ಮಾಡಿದ್ದು."

ಸಾತ್ವಿಕಾ ಬಿಕ್ಕು ನಿಲ್ಲಿಸಿದಳು, ತಬ್ಬಿದ ಕೈ ಬಿಡಲಿಲ್ಲ.

ಅಷ್ಟರಲ್ಲಿ ಶ್ರೀರಮಾ ಬರಿಗಾಲಲ್ಲಿ ಏದುಸಿರು ಬಿಡುತ್ತ ಬಂದಳು. "ಅಕ್ಕ, ಯಾರಂತೆ? ಒಂದು ಮಾತು ಹೇಳ್ಬಾರ್ದಾ ನಂಗೆ?" ಎಂದು ಅಳುವ ದನಿಯಲ್ಲಿ ಕೇಳಿದಳು.

"ಯಾರೂ ಇಲ್ಲ, ಶ್ರೀರಮಾ. ನಿನ್ನ ಮನೆಗಿಂತ ಜೋರಾಗಿ ಮಾಡ್ಬೇಕು ಅಂತ ಮಡಕೆ ಕಟ್ಟಿದೆ. ಹೊಟ್ಟೆಕಿಚ್ಚು, ಇನ್ನೇನು."

ಶ್ರೀರಮಾ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಸಾತ್ವಿಕಾಳ ಕಡೆ ನೋಡಿದಳು.

"ನಾನು ಹೋಗಿ ವಿಚಾರ್ಸ್ಕೊಂಡು ಬರ್ತೀನಿ, ನೀನಿಲ್ಲೇ ಇರು ಪುಟ್ಟ ಅಂತ ಕೈ ಹಿಡ್ಕೊಂಡೆ, ಅಕ್ಕ. ಅಮ್ಮ ಬೇಕು ಅಂತ ಒಂದೇ ಸಮ. ನೋಡಿ ಇಲ್ಲಿ." ಅವಳು ಮುಂದೆ ಚಾಚಿದ ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು ಕೆಂಪಗೆ ಮೂಡಿತ್ತು.

"ಅಯ್ಯೋ, ಕಚ್ಚಿಬಿಟ್ಟಳಾ" ಎಂದು ವಿಶಾಲಾಕ್ಷಿ ಬಾಯಲ್ಲಿ ಮರುಗಿದಳು. ಒಳಗಿನಿಂದ ಕೊಬ್ಬರಿ ಎಣ್ಣೆ ತಂದು, ಶ್ರೀರಮಾಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೆತ್ತಗೆ ಹಚ್ಚಿದಳು. ಹಚ್ಚುತ್ತ ಹಚ್ಚುತ್ತ, ಆ ಪುಟ್ಟ ಹಲ್ಲುಗಳ ಸಾಲು ಇನ್ನೆರಡು ದಿನ ಮಾಸದೆ ಹಾಗೇ ಇರಲಿ ಎಂದು ಬಯಸಿದಳು.