ಫ್ಲೆಕ್ಸ್ ಅಂಗಡಿಯಲ್ಲೊಂದು ನೀಹಾರಿಕೆ

ದಿವಂಗತ ಅಜ್ಜಿಯೊಬ್ಬರ ಭಾವಚಿತ್ರದಲ್ಲಿ ತಲೆಯ ಹಿಂದೆ ದಾನಮ್ಮ ಪ್ರಭಾವಳಿ ಮೂಡಿಸುತ್ತಿದ್ದಳು. ಅವಳ ಪೆನ್ನು ನನ್ನ ಮೈಮೇಲೆ ಹಗುರಾಗಿ ಸುತ್ತುತ್ತಿತ್ತು. ನಾನು ಕಂಪ್ಯೂಟರಿಗೆ ತಗುಲಿಸಿ ಚಿತ್ರ ಬರೆಯುವ ಕಪ್ಪು ಹಲಗೆ, ಡ್ರಾಯಿಂಗ್ ಟ್ಯಾಬ್ಲೆಟ್. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಧಾರವಾಡದ ಚಿತ್ರಕಲಾ ಮೇಷ್ಟ್ರೊಬ್ಬರು ಮೂರು ವರ್ಷ ಬಳಸಿ, ನಿವೃತ್ತಿಯ ದಿನ ನನ್ನನ್ನು ಹಳೆಯ ಶಿಷ್ಯೆ ದಾನಮ್ಮನಿಗೆ ಕೊಟ್ಟರು. ಹಾಗೆ ಗದಗಿಗೆ, ಅವಳ ಗಂಡನ ಅಣ್ಣ ಈರಬಸಪ್ಪನ ಫ್ಲೆಕ್ಸ್ ಅಂಗಡಿಗೆ ಬಂದೆ.

ನಾನು ಮನುಷ್ಯರನ್ನು ಗುರುತಿಸುವುದು ಕೈಯ ಒತ್ತಡದಿಂದ. ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ದಾನಮ್ಮನ ಕೈ ಒಂದೇ ಸಮ ಆಡುತ್ತಿತ್ತು. ಆದರೆ ಹತ್ತು ವರ್ಷ ಪ್ರಭಾವಳಿ ಬರೆದು ಬರೆದು, ಬೆಳಕು ಕತ್ತಲಲ್ಲಿ ಎಲ್ಲಿ ಕರಗಬೇಕೆಂದು ಆ ಕೈಗೆ ತಿಳಿದುಹೋಗಿತ್ತು. ಎಲ್ಲರೂ ಊಟಕ್ಕೆ ಹೋದಾಗ ಅವಳು ನೀಹಾರಿಕೆ, ಅಂದರೆ ಆಕಾಶದಾಳದಲ್ಲಿ ಹೊಳೆಯುವ ಧೂಳು-ಅನಿಲಗಳ ಮೋಡ, ಬರೆಯುತ್ತಿದ್ದಳು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಒಂದು ಪದರದಲ್ಲಿ ಧೂಳಿನ ಮೋಡ, ಇನ್ನೊಂದರಲ್ಲಿ ನಕ್ಷತ್ರಗಳು, ಮೇಲೆ ಬರೀ ಹೊಳಪು. ಏಳು ತಿಂಗಳ ಕೆಲಸ. ಹೊಸ ತಾರಾಲಯವೊಂದು ತನ್ನ ಒಳಛಾವಣಿಗೆ ಚಿತ್ರ ಬೇಕೆಂದು ಕಲಾವಿದರಿಂದ ಅರ್ಜಿ ಕರೆದಿತ್ತು. ಅದು ಬೇರೆಲ್ಲೂ ಪ್ರಕಟವಾಗಿರಬಾರದು. ಅಜ್ಜಿಯ ಪ್ರಭಾವಳಿ ಬರೆಯುತ್ತಿದ್ದ ಆ ದಿನವೇ ಸಂಜೆ ಐದರೊಳಗೆ ತಲುಪಬೇಕಿತ್ತು.

ನಾಲ್ಕಕ್ಕೆ ಕೊನೆಯ ಹೊಳಪು ಕೊಡಲು ಚಿತ್ರ ತೆರೆದಳು. ಹಿಂದೆ ಈರಬಸಪ್ಪ ಬಂದು ನಿಂತಿದ್ದ, ಜೊತೆಗೊಬ್ಬ ಗಿರಾಕಿ.

"ಏನವಾ ಇದು, ಹೊಗಿ ಎದ್ದಂಗ? ಆದ್ರ ಭಾರಿ ಐತಿ! ಸಾಹುಕಾರ್ರ ಬರ್ತ್‌ಡೇಕ್ಕ ಇದನ್ನ ಹಾಕು."

"ಅದು ಬ್ಯಾರೆ ಕೆಲಸದ್ದರಿ, ಭಾವಾರ."

"ಅಂಗಡ್ಯಾಗ ಬ್ಯಾರೆ ಕೆಲಸ ಯಾವುದು?"

ಗಿರಾಕಿ ನಕ್ಕ. "ನಮ್ಮ ಸಾಹುಕಾರ್ರನ್ನ ನಡುವ ಕುಂದರಸ್ರಿ ಅಕ್ಕಾರ. ಮೀಸಿ ಮ್ಯಾಲ ಎರಡು ಚುಕ್ಕಿ ಬಿದ್ರೂ ನಡೀತೈತಿ!"

ಪೆನ್ನು ನನ್ನ ಮೇಲೆ ಗೀರು ಬೀಳುವಷ್ಟು ಒತ್ತಿತು. ಸಾಹುಕಾರರ ಮುಖ ನೀಹಾರಿಕೆಯ ನಡುವೆ ಕೂತಿತು. ಮುದ್ರಣಕ್ಕೆ ಕಳಿಸುವ ಮುನ್ನ ಪದರಗಳನ್ನೆಲ್ಲ ಒಂದು ಮಾಡಿ ಉಳಿಸುವುದು ಅಂಗಡಿಯ ಪದ್ಧತಿ. ಹತ್ತು ವರ್ಷದ ರೂಢಿಯಲ್ಲಿ ಅವಳ ಕೈ ಅದನ್ನೇ ಮಾಡಿಬಿಟ್ಟಿತು. ನೀಹಾರಿಕೆಗೆ ಬೇರೆ ಪ್ರತಿ ಇರಲಿಲ್ಲ.

ಫೈಲು ತೆರೆದಿರುವ ತನಕ ಮಾತ್ರ ಮಾಡಿದ್ದನ್ನು ಒಂದೊಂದಾಗಿ ರದ್ದು ಮಾಡುತ್ತ ಹೆಜ್ಜೆ ಹಿಂದಕ್ಕೆ ಇಡಬಹುದು; ಮುಚ್ಚಿದರೆ ಸಾಹುಕಾರರ ಮುಖ ಅಲ್ಲೇ ಉಳಿಯುತ್ತದೆ.

"ಆತಲ್ಲ? ಮುಚ್ಚು ಅದನ್ನ, ಮುಂದಿಂದು ತಗಿ." ಈರಬಸಪ್ಪನ ಕೈ ಮೌಸಿನತ್ತ ಚಾಚಿತು.

"ತಡೀರಿ ಭಾವಾರ. ಮೀಸಿ ಸೊಟ್ಟ ಆಗೇತಿ."

ಮೀಸೆಯ ಮಾತು ಬಂದದ್ದೇ ಕೈ ಹಿಂದೆ ಸರಿಯಿತು. "ಮೀಸಿ ಸರಿ ಮಾಡವಾ ಮೊದಲ!" ಎನ್ನುತ್ತ ಗಿರಾಕಿಯನ್ನು ಚಹಾಕ್ಕೆ ಕರೆದೊಯ್ದ.

ಅವಳು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದಳು. ಪದರಗಳು ಬಿಡಿಬಿಡಿಯಾದವು, ಮುಖ ಮಾಯವಾಯಿತು, ಧೂಳಿನ ಮೋಡ ಮತ್ತೆ ಇಡಿಯಾಯಿತು. ಅದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಳು. ಸಾಹುಕಾರರಿಗೆ ಹಳದಿ ಕಿರಣಗಳ ಮಾಮೂಲಿ ಪ್ರಭಾವಳಿ ಕೊಟ್ಟು ಮುದ್ರಣಕ್ಕೆ ಕಳಿಸಿದಳು. ಐದಕ್ಕೆ ಆರು ನಿಮಿಷವಿತ್ತು. ತಾರಾಲಯದ ಅರ್ಜಿಯಲ್ಲಿ ಬೆಳಿಗ್ಗೆ ಬರೆದಿದ್ದ ಅಂಗಡಿಯ ಹೆಸರು ಅಳಿಸಿ, ತನ್ನ ಹೆಸರು ಬರೆದು, ಚಿತ್ರ ಕಳಿಸಿದಳು.

"ಆ ಹೊಗಿ ಎಲ್ಲಿ ಹೋತು?" ಎಂದು ಆಮೇಲೆ ಈರಬಸಪ್ಪ ಕೇಳಿದ.

"ಮಷಿನ್ನಿಗೆ ಹಿಡಿಲಿಲ್ಲರಿ."

ನನಗೀಗ ವಯಸ್ಸಾಗಿದೆ, ಬಲಮೂಲೆಗೆ ಒತ್ತಡ ತಿಳಿಯುವುದಿಲ್ಲ. ಎಷ್ಟೋ ಆಕಾಶಗಳು ನನ್ನ ಮೇಲೆ ಹಾದುಹೋಗಿವೆ. ಆದರೂ ಆ ಸಂಜೆ ಮಾತ್ರ ಮಾಸಿಲ್ಲ. ದಾನಮ್ಮ ನನ್ನ ತಂತಿ ಬಿಚ್ಚಿ, ಸೆರಗಿನಿಂದ ಒರೆಸಿ, ಬುತ್ತಿಯ ಚೀಲದಲ್ಲಿಟ್ಟು ಮನೆಗೆ ಒಯ್ದಳು. ಅಂಗಡಿಯ ಮುಖಗಳಿಗೆ ನಾಳೆಯಿಂದ ಮೌಸ್ ಸಾಕು. ನಾನಿನ್ನು ಅವಳ ಆಕಾಶಗಳಿಗೆ ಮಾತ್ರ.