ಮಾರ್ತಾಂಡನ ಮುಸುರಿ ಚಿತ್ರ

ಮಾರ್ತಾಂಡನ ಹೆಸರು ಮುಂಬಯಿ ಪೇಪರಿನಾಗ ಬಂದಿತ್ತು, ಖರೆ. ಆದ್ರ ಗದಗಿನ್ಯಾಗ ಅವನ ಸ್ವಂತ ಮನ್ಯಾಗ ಅವನ ಒಂದು ಚಿತ್ರಕ್ಕೂ ಮೊಳಿ ಸಿಕ್ಕಿರಲಿಲ್ಲ.

ಹುಡುಗ್ರು ಹಾರಸೂ ಪತಂಗ ಮಾಡೂ ತೆಳ್ಳನ ಬಣ್ಣದ ಹಾಳಿ ಅದಾವಲ್ಲ, ಅವನ್ನ ಹರಿದು, ಒಂದರ ಮ್ಯಾಲೊಂದು ಅಂಟಿಸಿ ಚಿತ್ರ ಮಾಡೂ ಮನಿಶ್ಯಾ ಅಂವ. ಎಪ್ಪತ್ತರ ಇಸ್ವಿ ಸುಮಾರಿಗೆ ಶಿರಹಟ್ಟಿ ಸಾಲ್ಯಾಗ ಡ್ರಾಯಿಂಗ್ ಕಲಿಸ್ಕೋತ ಸುರು ಮಾಡಿದ್ದು. ಮಾಗಡಿ ಕೆರಿ ಹಕ್ಕಿ ಮಾಡಿದ, ಧಾರವಾಡದಾಗ ಬಹುಮಾನ ಬಂತು. ಸೋಮೇಶ್ವರನ ಗುಡಿ ಮಾಡಿದ, ಲಕ್ಷ್ಮೇಶ್ವರದ ಕಾಳಿನ ಅಡತಿ ಅಂಗಡಿಯವರು ತಮ್ಮ ಗಾದಿ ಮ್ಯಾಲೆ ತೂಗಹಾಕಿದ್ರು. ಅವನ ಅವ್ವ ಯಮುನಾಬಾಯಿ ಮಾತ್ರ ಒಂದನ್ನೂ ಹೊಸ್ತಿಲ ದಾಟಸಲಿಲ್ಲ. ಅಂಟು ಅಂದ್ರ ಮೈದಾಹಿಟ್ಟು ನೀರಾಗ ಕುದಿಸಿದ್ದು. ಕುದಿಸಿದ ಮ್ಯಾಲೆ ಅದು ಅನ್ನದ ಜಾತಿ, ಮುಸುರಿ. ಮುಸುರಿ ಮುಟ್ಟಿದ್ರ ಕೈ ತೊಳಕೋಬೇಕು, ಮಡೀಲೆ ಇದ್ರಂತೂ ಮತ್ತ ಸ್ನಾನ. ಅಂಥಾದ್ದನ್ನ ಗ್ವಾಡಿಗೆ ಹಾಕಿದ್ರ ಗ್ವಾಡಿನೂ ಮುಸುರಿ ಆತಲ್ಲ! ಒಂದು ನವಿಲಿನ ಚಿತ್ರ ಹಿತ್ತಲಕ್ಕ ಹೋತು, ಅಲ್ಲಿ ಆಕಳು ತಿಂತು. ದನಕ್ಕ ತಿಳೀತದ, ನಿನಗ ತಿಳಿಯೂದಿಲ್ಲ ಅಂತ ಯಮುನಾಬಾಯಿ ಅಂದ್ಲು.

ಊರೆಲ್ಲಾ ಹೊಗಳಿದ್ರೂ ಮಾರ್ತಾಂಡನ ಹೊಟ್ಟಿ ತಣ್ಣಗಾಗಲಿಲ್ಲ. ಅವ್ವ ಒಂದು ಚಿತ್ರ ಕಣ್ತುಂಬ ನೋಡಿ ಮನ್ಯಾಗ ಹಾಕಬೇಕು, ಅಷ್ಟ ಅವಗ ಬೇಕಾಗಿದ್ದು. ಬೆಟಗೇರ್ಯಾಗ ಬಣ್ಣದ ಹಾಳಿ ಮಾರೂ ಅಕ್ಬರಸಾಬನ ಮುಂದ ಈ ಗೋಳು ತೋಡಿಕೊಂಡ. ಒಲಿ ಮ್ಯಾಲೆ ಇಡದ ಅಂಟು ಬೇಕು, ಅಷ್ಟ ಅಲ್ಲೇನ್ರಿ ಮಾಸ್ತರ ಅಂತ ಅಕ್ಬರಸಾಬ ಒಂದು ಪುಡಿಕಿ ಜಾಲಿಗಿಡದ ಅಂಟು ಕೊಟ್ಟ. ತಣ್ಣೀರಾಗ ಕರಗತೈತಿ ಅಂದ.

ಆತು, ಮಾರ್ತಾಂಡ ಸ್ನಾನ ಮಾಡಿ, ಬಾವಿ ನೀರು ಸೇದಿ, ಮಡಿ ಪಂಜಿ ಉಟ್ಟು, ಬಂದ ಸೀನು ಸೈತ ನುಂಗಿ ಪಾಂಡುರಂಗನ್ನ ಅಂಟಿಸಿದ. ದ್ವಾದಶಿ ಊಟಾದ ಮ್ಯಾಲೆ ಅವ್ವನ ಮುಂದ ತಂದಿಟ್ಟ. ಇದು ಒಲಿ ಕಂಡಿಲ್ಲ, ಹಿಟ್ಟು ಕಂಡಿಲ್ಲ, ದೇವರಮನ್ಯಾಗ ಹಾಕಿದ್ರೂ ನಡೀತದ ಅಂತ ಬಿಡಿಸಿ ಬಿಡಿಸಿ ಹೇಳಿದ.

ಯಮುನಾಬಾಯಿ ಚಿತ್ರ ನೋಡಿದ್ಲು, ಮಗನ ಮಾರಿ ನೋಡಿದ್ಲು. ಜಾಲಿ ಮುಳ್ಳಿನ ಗಿಡ ಅಂತ ಒಂದು ತಕರಾರು ತಗದ್ಲು, ಅದು ಆಕಿಗೇ ಸರಿ ಅನಿಸಲಿಲ್ಲ. ಕಡೀಕ ಸೆರಗಿಲೆ ಮಾರಿ ಒರಸ್ಕೊಂಡ್ಲು.

"ಮುಸುರಿ ಅನ್ನೂದು ಒಂದು ನೆವಾ ಇತ್ತೋ ಮಾರ್ತಾಂಡಾ. ನಿನ್ನ ಚಿತ್ರ ನನಗ ಒಂದೂ ಸೇರೂದಿಲ್ಲ. ಹಡದಾಕಿ ನಾನು, ಹೆಂಗ ಹೇಳ್ಲಿ?"

ಮಾರ್ತಾಂಡಗ ಸಿಟ್ಟು ಬಂತು, ಅಳು ಬಂತು, ಆಮ್ಯಾಲೆ ತಡೀಲಾರದ ನಗು ಬಂತು. ಅವ್ವನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ.

"ಏನ ತಪ್ಪದ, ಹೇಳು."

ಕೇಳಬಾರದಿತ್ತು. ಯಮುನಾಬಾಯಿ ಚಿತ್ರ ತೊಡಿ ಮ್ಯಾಲೆ ಎಳಕೊಂಡು, ಒಂದೊಂದಕ್ಕೂ ಬೆರಳು ಹಚ್ಚಿ ಹಚ್ಚಿ ಪಾಂಡುರಂಗನ ಕಿರೀಟದಿಂದ ಸುರು ಮಾಡಿದ್ಲು. ದೇವರಿಗೆ ದೀಪ ಹಚ್ಚೂ ಹೊತ್ತಾದ್ರೂ ಆಕಿ ಇನ್ನೂ ಮೂಗಿನ ಮ್ಯಾಲೇ ಇದ್ಲು.