ಹನ್ನೊಂದು ಮುಕ್ಕಾಲು

ನದಿಮೂಲ, ಋಷಿಮೂಲ ಕೇಳಬಾರದು ಎನ್ನುತ್ತಾರೆ. ನಮ್ಮ ಗುಂಪಿನ ಮೀನಿನ ಅಳತೆಯನ್ನೂ ಆ ಪಟ್ಟಿಗೆ ಸೇರಿಸಬಹುದು. ಹಲ್ಲಿನ ಡಾಕ್ಟರು, ಹೆಡ್‌ಮಾಸ್ತರು ಮತ್ತು ದರ್ಜಿಯಾದ ನಾನು ಏಳು ವರ್ಷದಿಂದ ವಸಂತ ಬಂತೆಂದರೆ ಬೆಟ್ಟದ ಹೊಳೆಗೆ ಟ್ರೌಟ್ ಮೀನು ಹಿಡಿಯಲು ಹೋಗುತ್ತೇವೆ. ಗರಿಗೆ ದಾರ ಸುತ್ತಿ ಮಾಡಿದ ಸುಳ್ಳು ನೊಣವನ್ನು ಉದ್ದನೆಯ ಕೋಲಿನಿಂದ ನೀರಿನ ಮೇಲೆ ಹಾರಿಸಿ ಮೀನನ್ನು ನಂಬಿಸುವ ವಿದ್ಯೆ ಅದು. ಮೀನು ನಂಬುವುದಿಲ್ಲ, ಊರು ನಂಬುತ್ತದೆ.

ಆ ಹೊಳೆಯಲ್ಲಿ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕೆಂಬ ಕಾನೂನಿದೆ. ಇಷ್ಟು ಒಳ್ಳೆಯ ಇನ್ನೊಂದು ಕಾನೂನನ್ನು ನಾನು ಕಂಡಿಲ್ಲ. ಬರಿಗೈಲಿ ಬಂದವನ ಮರ್ಯಾದೆಯೂ ಉಳಿಯುತ್ತದೆ. ಒಬ್ಬನ ಮೀನಿಗೆ ಇನ್ನಿಬ್ಬರು ಸಾಕ್ಷಿ ಹೇಳಿದರಾಯಿತು. ಹೋದ ವರ್ಷ ನಾವು ನಿಜವಾಗಿ ಹಿಡಿದದ್ದು ಹೆಡ್‌ಮಾಸ್ತರ ಕಿವಿಯೊಂದನ್ನೇ. ಡಾಕ್ಟರು ಬೀಸಿದ ಗಾಳ ಅಲ್ಲಿ ಸಿಕ್ಕಿಕೊಂಡಿತ್ತು. ಊರಿಗೆ ಬರುವಷ್ಟರಲ್ಲಿ ಅದು ಎರಡಡಿ ಮೀನಾಯಿತು, ಕಿವಿಯ ಗಾಯದ ಅಪವಾದ ಮುಳ್ಳುಗಿಡದ ಪಾಲಾಯಿತು. ನಾನೂ ಹೌದೆಂದು ತಲೆಯಾಡಿಸಿದೆ. ಬಟ್ಟೆಯಲ್ಲಿ ಕಾಲಿಂಚು ತಪ್ಪದ ನಾನು ಮೀನಿನಲ್ಲಿ ಅಡಿಗಟ್ಟಲೆ ತಪ್ಪಿದ್ದೇನೆ.

ಈ ವರ್ಷ ಎಡವಟ್ಟಾಯಿತು. ನನಗೆ ಮೀನು ಸಿಕ್ಕಿತು.

ಅವರಿಬ್ಬರೂ ಬುತ್ತಿ ಬಿಚ್ಚಿ ಕೂತಿದ್ದರು. ನಾನು ತಿರುವಿನಾಚೆ, ಹಿಮ ಕರಗಿದ ಮೊಣಕಾಲುದ್ದದ ನೀರಿನಲ್ಲಿ ನಿಂತು ನಡುಗುತ್ತಿದ್ದೆ. ದಾರ ಜಗ್ಗಿತು. ಕಲ್ಲಿಗೆ ಸಿಕ್ಕಿಕೊಂಡಿತೆಂದು ಬೈದೆ. ಕಲ್ಲು ಓಡತೊಡಗಿತು. ಬಲೆಯಲ್ಲಿ ಎತ್ತಿ ನೋಡಿದರೆ ಮೈತುಂಬ ಕೆಂಪು ಚುಕ್ಕೆ. ಫೋನು ಕಾರಿನಲ್ಲಿತ್ತು, ಆದರೆ ಟೇಪು ಕೊರಳಲ್ಲೇ ಇತ್ತು. ಸ್ನಾನಕ್ಕೆ ಹೋಗುವಾಗ ಮಾತ್ರ ಅದನ್ನು ತೆಗೆಯುವವನು ನಾನು. ಮೂತಿಯಿಂದ ಬಾಲದ ತನಕ ಅಳೆದು, ಟೇಪಿನ ಆ ಗುರುತಿಗೆ ಒಂದು ಗುಂಡುಸೂಜಿ ಚುಚ್ಚಿ, ಮೀನನ್ನು ಬಿಟ್ಟೆ. ಐವತ್ತೆರಡನೆಯ ವಯಸ್ಸಿನಲ್ಲಿ ಖುಷಿಗೆ ಕಣ್ಣು ಒದ್ದೆಯಾಯಿತು ಎನ್ನಲು ನನಗೇನೂ ನಾಚಿಕೆಯಿಲ್ಲ.

ಓಡಿಹೋಗಿ ಹೇಳಿದರೆ ಡಾಕ್ಟರು ಬ್ರೆಡ್ಡು ಅಗಿಯುತ್ತಲೇ ನಕ್ಕರು.

“ಅದೆಲ್ಲ ಊರಿಗೆ ಹೋದ್ಮೇಲೆ ಅಲ್ವೇನೋ? ನಮ್ಮತ್ರಾನೂ ಶುರು ಮಾಡಿದ್ಯಾ?”

“ನಿಜವಾಗ್ಲೂ ಸಿಕ್ತು ಕಣ್ರೋ.”

“ಆಯ್ತು ಬಿಡು, ಸಾಕ್ಷಿ ಹೇಳ್ತೀವಿ,” ಎಂದರು ಹೆಡ್‌ಮಾಸ್ತರು. “ನಾವಿರೋದ್ಯಾಕೆ?”

ಹೆಂಡತಿಗೆ ನಾನೇ ಹೇಳಬೇಕೆಂದಿದ್ದೆ. ಅವಳೊಬ್ಬಳು ನಂಬಿದ್ದರೆ ಸಾಕಿತ್ತು. ಆದರೆ ಇಷ್ಟು ವರ್ಷ ಅವಳ ಮುಂದೆಯೂ ಎರಡು ಕೈ ಅಗಲಿಸಿ ನಿಂತವನು ಈಗ ಎಲ್ಲಿಂದ ಶುರು ಮಾಡುವುದು? ಕೋಲನ್ನು ಮೂಲೆಗಿಟ್ಟು ಕೈಕಾಲು ತೊಳೆಯಲು ಹೋದೆ. ಆದರೆ ಟೇಪಿನ ಗುಂಡುಸೂಜಿ ತೆಗೆಯಲು ಮನಸ್ಸು ಬರಲಿಲ್ಲ.

ಸೋಮವಾರ ಸಾಕ್ಷಿಗಳು ಅಂಗಡಿಗೇ ಬಂದರು. ಹೆಂಡತಿ ಕಿಟಕಿಯ ಬಳಿ ಕೋಟಿನ ಗುಂಡಿಗೆ ಕಾಜಾ ಹಾಕುತ್ತಿದ್ದಳು. ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು, ಪರದೆಯ ಹಿಂದೆ ಪ್ಯಾಂಟು ಹಾಕಿ ನೋಡುತ್ತಿದ್ದವನೊಬ್ಬ. ಡಾಕ್ಟರು ಎಲ್ಲರೆದುರು ಕೈ ಅಗಲಿಸಿದರು. ಹೆಡ್‌ಮಾಸ್ತರು ಆ ಕೈಗಳನ್ನು ಹಿಡಿದು ಇನ್ನಷ್ಟು ಎಳೆದರು.

“ಎರಡಡಿ. ನಾನೇ ಕಣ್ಣಾರೆ ನೋಡ್ದೆ.”

ಪರದೆಯ ಹಿಂದಿನವನು ತಲೆ ಹೊರಗೆ ಹಾಕಿದ. “ಹೋದ್ವರ್ಷಾನೂ ಎರಡಡಿನೇ ಅಲ್ವಾ?”

ಬೆಂಚಿನ ಮೇಲಿದ್ದವರು ಕಿಸಕ್ಕನೆ ನಕ್ಕರು. ಊರು ನಂಬುತ್ತದೆ ಎಂದೆನಲ್ಲ, ಅದೂ ಸುಳ್ಳೆಂದು ಆಗಲೇ ತಿಳಿದದ್ದು.

“ಎರಡಡಿ ಇರ್ಲಿಲ್ಲ,” ಎಂದೆ.

“ನೋಡಿ, ಎಂಥಾ ವಿನಯ,” ಎಂದು ಡಾಕ್ಟರು ನನ್ನ ಬೆನ್ನು ತಟ್ಟಿದರು.

ಜೀವಮಾನದಲ್ಲಿ ಸಿಕ್ಕಿದ ಒಂದು ನಿಜವಾದ ಮೀನನ್ನು ಪುಣ್ಯಾತ್ಮರು ಸುಳ್ಳು ಮೀನುಗಳ ರಾಶಿಗೆ ಸೇರಿಸಿ, ಚಹಾ ಕುಡಿದು ಹೋದರು. ಯಾರನ್ನು ಬೈಯಲಿ? ಮಾಡಿದ್ದುಣ್ಣೋ ಮಹರಾಯ.

ಗಿರಾಕಿಗಳು ಹೋದ ಮೇಲೆ ಹೆಂಡತಿ ಕೋಟಿನ ತೋಳು ಅಳೆಯಲೆಂದು ನನ್ನ ಕೊರಳಿಂದ ಟೇಪು ಎಳೆದುಕೊಂಡಳು. ಸೂಜಿ ಬೆರಳಿಗೆ ಚುಚ್ಚಿತು.

“ಇದ್ಯಾರ ಅಳತೆ?”

“ಮೀನಿಂದು.”

ಟೇಪನ್ನು ಬೆಳಕಿಗೆ ಹಿಡಿದಳು. “ಹನ್ನೊಂದು ಮುಕ್ಕಾಲು.”

“ಹೂಂ.”

ಬೆರಳು ಚೀಪುತ್ತ ನನ್ನ ಮುಖ ನೋಡಿದಳು.

“ಮುಕ್ಕಾಲು ಅಂತ ಯಾರೂ ಸುಳ್ಳು ಹೇಳಲ್ಲ,” ಎಂದಳು. ಆಮೇಲೆ ಸೂಜಿ ಕಿತ್ತು ಡಬ್ಬಿಗೆ ಹಾಕಿ, ಕೋಟಿನ ತೋಳಿನ ಮೇಲೆ ಟೇಪು ಹಾಸಿದಳು. “ಅಂತೂ ಏಳು ವರ್ಷಕ್ಕೆ ಒಂದಾದ್ರೂ ಸಿಕ್ತು ಅನ್ನಿ.”